ಕಬ್ಬಿಣ ಮುಟ್ಟದ ದಿನ

ಹರಳೆಣ್ಣೆ ಹಚ್ಚಿ ಒರೆಸಿದ ಕಬ್ಬಿಣಕ್ಕೆ ಒಂದು ವಾಸನೆಯಿದೆ. ಸ್ವಲ್ಪ ಜಿಡ್ಡು, ಸ್ವಲ್ಪ ರಕ್ತದ ಹಾಗೆ, ತಣ್ಣಗೆ ಮೂಗಿಗೆ ಹತ್ತುವ ವಾಸನೆ. ಮಹಾನವಮಿ ಬಂತೆಂದರೆ ಮೈಸೂರಿನ ನಮ್ಮ ಬೀದಿಯಲ್ಲಿ ಒಂದೊಂದು ಜಗಲಿಯ ಮೇಲೂ ಈಳಿಗೆಮಣೆ, ಮಚ್ಚು, ಗುದ್ದಲಿ, ಈಚೆಗೆ ಒಂದೆರಡು ಬೈಸಿಕಲ್ಲು, ಎಲ್ಲವನ್ನೂ ಬೂದಿಯಲ್ಲಿ ತಿಕ್ಕಿ, ಎಣ್ಣೆ ಒರೆಸಿ ಬಿಸಿಲಿಗೆ ಇಡುತ್ತಾರೆ. ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ, "ಏನ್ ಟೀಚರಮ್ಮ, ನಿಮ್ಮನೇಲಿ ಪೂಜೆಗೆ ಏನೂ ಇಡಲ್ವಾ?" ಎಂದು ವರ್ಷವೂ ಕೇಳುತ್ತಾರೆ. ನಾನು ಕಿಟಕಿ ಮುಚ್ಚಿಕೊಳ್ಳುತ್ತೇನೆ. ಮುಚ್ಚಿದ ಕೋಣೆಯೊಳಕ್ಕೂ ಆ ವಾಸನೆ ಬರುತ್ತದೆ. ಅದರ ಬೆನ್ನ ಹಿಂದೆಯೇ ಹುರುಳಿ ಬೇಯುವ ಹಬೆ, ಒದ್ದೆ ಹುಲ್ಲು, ಕುದುರೆಯ ಬೆವರು, ಕಪಿಲೆಯ ಕೆಸರು ಎಲ್ಲವೂ ಬರುತ್ತವೆ. ಕಾಲೇಜಿನಲ್ಲಿ ಓದಿದವಳು, ನಾಲ್ಕು ಮಕ್ಕಳಿಗೆ ಪಾಠ ಹೇಳುವವಳು, ಇಷ್ಟು ವರ್ಷವಾದ ಮೇಲೂ ಆ ಕಿಟಕಿ ತೆರೆಯಲಾರೆ. ದುಃಖಕ್ಕೆ ಎಂದು ನೀವು ತಿಳಿಯಬಾರದು. ಸಿಟ್ಟಿಗೆ.

ನಂಜನಗೂಡಿನಿಂದ ನರಸೀಪುರದ ಕಡೆಗೆ ಹೊಳೆಯ ದಂಡೆ ಹಿಡಿದು ಹೋದರೆ, ಕಪಿಲೆ ಒಂದು ಕಡೆ ಸೊಂಟ ಬಳುಕಿಸಿ ತಿರುಗುತ್ತಾಳೆ. ಆ ತಿರುವಿನ ದಿಬ್ಬದ ಮೇಲೆ ನಮ್ಮ ಮನೆಯಿತ್ತು. ಸುತ್ತಲಿನವರೆಲ್ಲ ರಾಗಿ, ಜೋಳ, ಭತ್ತ ಎಂದು ಬದುಕುವಾಗ ನಮ್ಮ ತಾತ ಕುದುರೆ ಸಾಕುತ್ತಿದ್ದರು. ದೊಡ್ಡ ಲಾಯವೇನಲ್ಲ. ಹತ್ತೋ ಹನ್ನೆರಡೋ ಹೆಣ್ಣುಕುದುರೆ, ಅವುಗಳ ಮರಿಗಳು, ಒಂದು ಗಂಡುಕುದುರೆ. ಮರಿಗಳನ್ನು ಬೆಳೆಸಿ, ಪಳಗಿಸಿ ಕೊಟ್ಟರೆ ಅವು ಮೈಸೂರಿನ ಜಟಕಾಗಳಿಗೆ, ಶಾನುಭೋಗರ ಸವಾರಿಗೆ, ಒಂದೊಂದು ಅದೃಷ್ಟವಂತ ಮರಿ ಅಮಲ್ದಾರರ ಮನೆಯ ಲಾಯಕ್ಕೆ ಹೋಗುತ್ತಿದ್ದವು. 'ಕುದ್ರೆ ಗೌಡ್ರ ಮನೆ' ಎಂದರೆ ಸೋಮನಾಥಪುರದವರೆಗೂ ಜನ ದಾರಿ ತೋರಿಸುತ್ತಿದ್ದರು. ಮನೆಯ ಮುಂದೆ ಕಲ್ಲು ಹಾಸಿದ ದೊಡ್ಡ ಅಂಗಳ, ಅಂಗಳದ ಮಧ್ಯೆ ಎದೆಯೆತ್ತರದ ಒಂದು ಕಲ್ಲುಕಂಬ, ಆಚೆಗೆ ಹುಲ್ಲು ಹೊದಿಸಿದ ಲಾಯ, ಸುತ್ತ ಕತ್ತಾಳೆಯ ಬೇಲಿ. ಈಗ ಅಲ್ಲಿ ಬೇಲಿ ಮಾತ್ರ ಉಳಿದಿದೆ.

ಮಳೆಗಾಲ ಹಿಂದೆ ಸರಿದು ಆಶ್ವಯುಜ ಕಾಲಿಟ್ಟರೆ ನಮ್ಮ ಮನೆಗೆ ಹೊಸ ಜೀವ ಬರುತ್ತಿತ್ತು. ಕೆಂಪಗೆ ಉಕ್ಕುತ್ತಿದ್ದ ಹೊಳೆ ತಿಳಿಯಾಗಿ, ದಂಡೆಯ ಮೇಲೆ ನುಣ್ಣನೆಯ ಮೆಕ್ಕಲು ಮಣ್ಣು ಬಿಟ್ಟು ಇಳಿಯುತ್ತಿತ್ತು. ನೋಡನೋಡುತ್ತ ಆ ಮಣ್ಣಿನ ಮೇಲೆ ಗರಿಕೆ ಏಳುತ್ತಿತ್ತು. ಮಳೆಗಾಲವೆಲ್ಲ ಲಾಯದ ಕೆಸರಿನಲ್ಲಿ ಗೊರಸು ಮೆತ್ತಗಾಗಿ ಬೇಸತ್ತಿದ್ದ ಕುದುರೆಗಳನ್ನು ಬೆಳಗಿನ ಇಬ್ಬನಿ ಆರುವ ಮೊದಲೇ ಅಲ್ಲಿಗೆ ಬಿಡುತ್ತಿದ್ದರು. ಅವು ಮೊದಲು ಮೇಯುತ್ತಲೇ ಇರಲಿಲ್ಲ. ಮೂಗರಳಿಸಿ ನಿಂತು, ಒಂದು ಸಲ ಒಟ್ಟಿಗೆ ಹೊಳೆಯ ಉದ್ದಕ್ಕೂ ಓಡಿ, ಮರಿಗಳು ಹಿಂದಿನ ಕಾಲನ್ನು ಸುಮ್ಮನೆ ಗಾಳಿಗೆ ಒದ್ದು, ಆಮೇಲೆ ತಲೆ ತಗ್ಗಿಸುತ್ತಿದ್ದವು. ಎತ್ತರದ ಹೊಲಗಳಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತಿತ್ತು. ಅಜ್ಜಿ ಹಿತ್ತಲಿನ ಒಲೆಯಲ್ಲಿ ಹುರುಳಿ ಬೇಯಿಸಿ, ಬಿಸಿ ಇಳಿಯಲೆಂದು ಬಿದಿರ ತಟ್ಟೆಯಲ್ಲಿ ಹರಡಿರುತ್ತಿದ್ದಳು. ಸಂಜೆ ಸೊಳ್ಳೆಗೆ ಬೇವಿನ ಸೊಪ್ಪಿನ ಹೊಗೆ. ಆ ಹೊಗೆಯೊಳಗಿಂದ ಒಂದೊಂದು ಕುದುರೆ ಫುರ್ರೆಂದು ಸೀನುವುದು, ಬಾಲ ಬೀಸುವುದು, ಬಾಯಲ್ಲಿ ಹುರುಳಿ ನುರಿಯುವುದು ಕೇಳುತ್ತ ನಾನು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಇಂಥ ಮನೆಯೊಂದು ನಿಮಗೂ ಇದ್ದಿರಬಹುದು, ಬೇರೆ ಊರಿನಲ್ಲಿ, ಬೇರೆ ವಾಸನೆಗಳ ಜೊತೆ. ಅದು ಹಾಳಾದದ್ದು ಕಾಲದಿಂದ ಎಂದು ನಿಮಗೆ ಹೇಳಲು ಬರುವುದಾದರೆ ನೀವು ಪುಣ್ಯವಂತರು. ನನಗೆ ಹಾಗೆ ಹೇಳಲು ಬರುವುದಿಲ್ಲ.

ತಾತನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ನನ್ನ ಅಪ್ಪ, ಮಾತು ಕಡಿಮೆ. ಚಿಕ್ಕವನು ಗುರುಸಿದ್ದ, ನನ್ನ ಚಿಕ್ಕಪ್ಪ. ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಬಂದಷ್ಟು ಮೀಸೆಗೆ ಕುದುರೆಗೆ ಹಚ್ಚುವ ಎಣ್ಣೆಯನ್ನೇ ಹಚ್ಚಿ ತಿರುವುತ್ತಿದ್ದ. ಊರಿನ ಕೂಲಿಮಠದಲ್ಲಿ ಕಲಿಯುತ್ತ, ಮೂರನೆಯ ಪಾಠದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವ ನನ್ನನ್ನು 'ಮೇಷ್ಟ್ರಮ್ಮ' ಎಂದೇ ಕರೆಯುತ್ತಿದ್ದ. "ಮೇಷ್ಟ್ರಮ್ಮಾ, ಈ ಕುದ್ರೆಗೂ ಒಸಿ ಕಾಗುಣಿತ ಏಳ್ಕೊಡವ್ವಾ, ನನ್ನ ಮಾತು ಕೇಳಾಕಿಲ್ಲ ಅಂತದೆ," ಎಂದು ಮರಿಯ ಕಿವಿ ಹಿಡಿದು ನನ್ನ ಪುಸ್ತಕದ ಮುಂದೆ ತರುತ್ತಿದ್ದ. ಅಮ್ಮ ಒಳಗಿನಿಂದ, "ಮದುವೆ ವಯಸ್ಸಾಯ್ತು, ಇನ್ನೂ ಹುಡುಗಾಟ ನೋಡು," ಎಂದರೆ, "ಅತ್ತಿಗೆ, ನನ್ನ ಕಟ್ಕೊಳ್ಳೋಳು ಲಾಯದ ವಾಸನೆಗೆ ಓಡೋಯ್ತಾಳೆ, ಸುಮ್ಕಿರಿ," ಎನ್ನುತ್ತಿದ್ದ. ನನ್ನನ್ನು ನಂಜನಗೂಡಿನ ಸ್ಕೂಲಿಗೆ ಸೇರಿಸಲೇಬೇಕೆಂದು ತಾತನ ಎದುರು ವಾದಿಸಿದ ಒಬ್ಬನೇ ಒಬ್ಬ ಅವನು. ತಾತನ ಎದುರು ವಾದಿಸುವುದೆಂದರೆ ಏನೆಂದು ಆ ಮನೆಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತು.

ತಾತ ಕ್ರೂರಿಯಾಗಿರಲಿಲ್ಲ. ಕ್ರೂರಿಯಾಗಿದ್ದರೆ ನನಗೆ ಈ ಸಿಟ್ಟು ಹೊರುವುದು ಸುಲಭವಾಗುತ್ತಿತ್ತು. ಕುದುರೆಗೆ ಎಂದೂ ಚಾಟಿ ಎತ್ತಿದವರಲ್ಲ, ನಮಗೆ ಬೈದವರೂ ಅಲ್ಲ. ಮೂರು ಹೊತ್ತು ಲಿಂಗಪೂಜೆ, ಹಣೆಯ ತುಂಬ ವಿಭೂತಿ, ಒಂದು ಮಾತು, ಒಂದು ನಡೆ. ಅವರ ನಡೆಗಳಲ್ಲಿ ಒಂದು, ಆಯುಧಪೂಜೆಯದು. ಬೇರೆಯವರ ಮನೆಯಲ್ಲಿ ಕತ್ತಿ, ನೇಗಿಲು ಇಟ್ಟು ಹೂ ಏರಿಸಿದರೆ ಹಬ್ಬ ಮುಗಿಯಿತು. ನಮ್ಮ ಮನೆಯಲ್ಲಿ ಹಾಗಲ್ಲ. ಮಹಾನವಮಿಯ ಬೆಳಿಗ್ಗೆ ಮನೆಯಲ್ಲಿರುವ ಕಬ್ಬಿಣವೆಲ್ಲ ನಡುಮನೆಗೆ ಹೋಗಬೇಕು. ಕುಡುಗೋಲು, ಮಚ್ಚು, ಕೊಡಲಿ, ಈಳಿಗೆಮಣೆ, ಲಾಳ, ಲಾಳ ಹೊಡೆಯುವ ಸುತ್ತಿಗೆ, ಕುದುರೆಯ ಬಾಯಿಗೆ ಹಾಕುವ ಕಡಿವಾಣ, ಸರಪಳಿ, ಒಲೆಯ ಇಕ್ಕಳದವರೆಗೆ. ಅವನ್ನೆಲ್ಲ ಕೆಂಪು ಬಟ್ಟೆಯ ಮೇಲೆ ಜೋಡಿಸಿ, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ ಇಟ್ಟರೆ ಮಾರನೆಯ ಬೆಳಿಗ್ಗೆ, ವಿಜಯದಶಮಿಯ ದಿನ, ತೆಂಗಿನಕಾಯಿ ಒಡೆದು 'ಆಯುಧ ಎತ್ತುವ'ವರೆಗೆ ಯಾರೂ ಮುಟ್ಟುವಂತಿಲ್ಲ. ಆ ಒಂದು ದಿನ ತರಕಾರಿಯನ್ನು ಕೈಯಲ್ಲಿ ಮುರಿದು ಬೇಯಿಸುತ್ತಿದ್ದೆವು. ಕುದುರೆಗಳನ್ನು ಹಗ್ಗದಲ್ಲಿ ಕಟ್ಟುತ್ತಿದ್ದೆವು. ಮಗುವಾಗಿದ್ದ ನನಗೆ ಅದು ಬಲು ಚೆಂದವಾಗಿ ಕಾಣುತ್ತಿತ್ತು.

ಹಗ್ಗದಲ್ಲಿ ನಿಲ್ಲದ ಕುದುರೆ ಒಂದೇ, ಭೂಪ. ಅದು ನಮ್ಮ ಗಂಡುಕುದುರೆ. ಬೇರೆ ಸೀಮೆಯಿಂದ ತಂದದ್ದು, ನಮ್ಮ ಕುದುರೆಗಳಿಗಿಂತ ಒಂದು ಗೇಣು ಎತ್ತರ, ಕೆಂಡದ ಬಣ್ಣ. ಬಾಯಲ್ಲಿ ಕಡಿವಾಣ, ಕುತ್ತಿಗೆಗೆ ಸರಪಳಿ ಇದ್ದರೆ ಕುರಿಯ ಹಾಗೆ ಬರುತ್ತಿತ್ತು. ಹಬ್ಬದ ದಿನ ಅದನ್ನು ಲಾಯದ ಕೊನೆಯ ಗೋಡೆಕೋಣೆಯೊಳಗೆ ಕೂಡಿ, ಬಾಗಿಲಿಗೆ ಅಡ್ಡಮರ ಹಾಕಿ, ಅಲ್ಲಿಯೇ ಆರತಿ ಎತ್ತುವುದು ವಾಡಿಕೆ. ಆ ವರ್ಷ ಮುಡುಕುತೊರೆಯ ಕಡೆಯಿಂದ ತಾತನ ಹಳೆಯ ಸ್ನೇಹಿತರೊಬ್ಬರು ಹಬ್ಬಕ್ಕೆ ಬಂದಿದ್ದರು. ಅವರೂ ಕುದುರೆಯ ಹುಚ್ಚಿನವರೇ. "ಏನ್ ಗೌಡ್ರೇ, ನಿಮ್ ರಾಜನ್ನ ಜೈಲ್ನಾಗೆ ಮಡಗಿ ಪೂಜೆ ಮಾಡ್ತೀರಾ?" ಎಂದು ಊಟದ ಹೊತ್ತಿನಲ್ಲಿ ನಕ್ಕರು. ಅಷ್ಟೇ. ಒಂದು ನಗು. ಸಂಜೆ ಭೂಪನನ್ನು ಅಂಗಳಕ್ಕೆ ತಂದು ಎಲ್ಲ ಕುದುರೆಗಳ ಜೊತೆಯಲ್ಲೇ ಆರತಿ ಎತ್ತುವುದೆಂದು ತಾತ ಹೇಳಿದರು.

ಚಿಕ್ಕಪ್ಪ ಆಗ ಗೌರಿಯ ಮೈ ತಿಕ್ಕುತ್ತಿದ್ದ. ಗೌರಿ ನಮ್ಮ ಹೆಣ್ಣುಕುದುರೆಗಳಲ್ಲೆಲ್ಲ ಸಾಧುವಾದದ್ದು, ಎರಡು ದಿನದಿಂದ ಬೆದೆಗೆ ಬಂದಿತ್ತು. ಅವನು ಕೈಯಲ್ಲಿದ್ದ ಹುಲ್ಲಿನ ಸಿಂಬೆ ಕೆಳಗಿಟ್ಟು ಜಗಲಿಗೆ ಬಂದ.

"ಅಪ್ಪಾಜಿ, ಗೌರಿ ಬೆದೇಲದೆ. ಭೂಪನ್ನ ಅಗ್ಗದಾಗೆ ತರಕ್ಕಾಗಾಕಿಲ್ಲ. ಸರಪಳಿ ಒಂದು ಕೊಡಿ, ಆರತಿ ಆದೇಟ್ಗೆ ತಿರುಗ ತಂದು ಮಡಗ್ತೀನಿ."

"ಕಬ್ಬಿಣ ಇವತ್ತು ದೇವ್ರು ಕಣ್ಲಾ. ದೇವ್ರನ್ನ ತಂದು ಕುದ್ರೆ ಕತ್ಗೆ ಕಟ್ತೀಯಾ?"

"ಹಂಗಾರೆ ಭೂಪ ಒಳಗೇ ಇರ್ಲಿ."

"ಯಾಕ್ಲಾ, ನಿಂಗೆ ಇಡಿಯಾಕಾಗಲ್ವಾ? ಆಗಾಕಿಲ್ಲ ಅಂದ್ರೆ ಏಳು, ನಾನೇ ಇಡೀತೀನಿ."

ಹಬ್ಬಕ್ಕೆ ಬಂದ ಸ್ನೇಹಿತರ ಎದುರಿನಲ್ಲಿ ಅಪ್ಪನಿಂದ ಹಾಗೆ ಅನ್ನಿಸಿಕೊಂಡ ಮಗ ಇನ್ನೇನು ಮಾಡುತ್ತಾನೆ? ಚಿಕ್ಕಪ್ಪ ನಕ್ಕ. ನನ್ನ ಕಡೆ ತಿರುಗಿ, "ನೋಡವ್ವಾ ಮೇಷ್ಟ್ರಮ್ಮ, ನಿಮ್ ತಾತ ಇವತ್ತು ನಂಗೆ ಪರೀಕ್ಷೆ ಮಡಗವ್ರೆ," ಎಂದು ಲಾಯದ ಕಡೆ ಹೋದ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ನನಗೇ ಲೆಕ್ಕವಿಲ್ಲ. ಪಾಠ ಮಾಡುತ್ತ ಕರಿಹಲಗೆಯ ಕಡೆ ತಿರುಗಿದಾಗ ನೋಡಿದ್ದೇನೆ, ಹೂ ಕಟ್ಟುತ್ತ ನೋಡಿದ್ದೇನೆ, ರಸ್ತೆಯಲ್ಲಿ ಜಟಕಾದ ಕುದುರೆ ಕೆನೆದರೆ ನಿಂತಲ್ಲೇ ನೋಡುತ್ತೇನೆ. ಸಂಜೆಯ ಎಳೆಬಿಸಿಲು ಅಂಗಳದ ತುಂಬ ಬಿದ್ದಿತ್ತು. ಹೆಣ್ಣುಕುದುರೆಗಳು ಬೇಲಿಯ ಪಕ್ಕದಲ್ಲಿ ಸಾಲಾಗಿ, ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದವು. ಅಂಗಳದ ದಿಡ್ಡಿಗೆ ಅಡ್ಡಮರ ಹಾಕಿತ್ತು. ಭೂಪ ಬಂತು. ಕುತ್ತಿಗೆಗೆ ಕತ್ತಾಳೆ ನಾರಿನ ಹೊಸ ಹಗ್ಗ, ಬಾಯಿ ಖಾಲಿ. ಕಡಿವಾಣವಿಲ್ಲದ ಕುದುರೆಯನ್ನು ಹಿಡಿಯಲು ಬರಿಯ ಕೈಯ ಬಲ ಸಾಲದೆಂದು ಚಿಕ್ಕಪ್ಪ ಹಗ್ಗದ ತುದಿಯನ್ನು ಬಲ ಮುಂಗೈಗೆ ಸುತ್ತಿಕೊಂಡಿದ್ದ. ಸರಪಳಿ ಹಿಡಿಯುವವನು ಎಂದೂ ಹಾಗೆ ಸುತ್ತಿಕೊಳ್ಳುವುದಿಲ್ಲ. ನಾಲ್ಕು ಹೆಜ್ಜೆ ನೆಟ್ಟಗೆ ಬಂತು. ಗಾಳಿ ಗೌರಿಯ ಕಡೆಯಿಂದ ಬೀಸಿತು. ಭೂಪ ಮೇಲುತುಟಿ ಎತ್ತಿ ಹಲ್ಲು ತೋರಿಸಿ, ನಾನು ಹಿಂದೆಂದೂ ಕೇಳದ ದನಿಯಲ್ಲಿ ಕೂಗಿತು.

ಮೊದಲ ಎಳೆತಕ್ಕೇ ಚಿಕ್ಕಪ್ಪ ನೆಲಕ್ಕೆ ಬಿದ್ದ. ಹಗ್ಗ ಅವನ ಮುಂಗೈಯನ್ನು ಕಚ್ಚಿ ಹಿಡಿದಿತ್ತು, ಬಿಡಬೇಕೆಂದರೂ ಬಿಡುವಂತಿರಲಿಲ್ಲ. ಹೆಣ್ಣುಕುದುರೆಗಳು ಚೆದುರಿದವು. ಭೂಪ ಅವುಗಳ ಹಿಂದೆ ಅಂಗಳದ ಸುತ್ತ ಓಡಿತು, ಅದರ ಹಿಂದೆ ಕಲ್ಲುಹಾಸಿನ ಮೇಲೆ ಚಿಕ್ಕಪ್ಪನ ಮೈ ಬಂತು. ನನ್ನ ಮುಂದೆಯೇ, ಕುದುರೆಯ ಮೈಯ ಗಾಳಿ ನನಗೆ ತಾಕುವಷ್ಟು ಹತ್ತಿರದಲ್ಲಿ ಎರಡೂ ಹಾದುಹೋದವು. ಅಮ್ಮ ನನ್ನನ್ನು ಜಗಲಿಗೆ ಎಳೆದುಕೊಂಡಳು. ಎರಡನೆಯ ಸುತ್ತಿನಲ್ಲಿ ಹಗ್ಗ ನಡುವಿನ ಕಲ್ಲುಕಂಬಕ್ಕೆ ಸುತ್ತಿಕೊಂಡಿತು. ಕುದುರೆ ಕಂಬದ ಆ ಕಡೆ, ಚಿಕ್ಕಪ್ಪ ಈ ಕಡೆ ಕಂಬಕ್ಕೆ ಅಂಟಿಕೊಂಡ ಹಾಗೆ. ಭೂಪ ಹಿಂದಕ್ಕೆ ಜಗ್ಗುತ್ತಿತ್ತು. ಹಗ್ಗ ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತ್ತು. ಅಪ್ಪ ಓಡಿ ಹೋಗಿ ಅವನ ಮುಂಗೈಯಲ್ಲಿ ಬಿಗಿದ ಗಂಟನ್ನು ಬೆರಳಿನಿಂದ, ಹಲ್ಲಿನಿಂದ ಎಳೆದ. ಹೊಸ ನಾರು, ಬಿಗಿದಷ್ಟೂ ಬಿಗಿಯುತ್ತಿತ್ತು. ಚಿಕ್ಕಪ್ಪನಿಗೆ ಆಗ ಪೂರ್ತಿ ಎಚ್ಚರವಿತ್ತು. ಅವನು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಕುಡ್ಲು! ಕುಡ್ಲು ತನ್ರೋ! ಕುಯ್ರೋ ಅಗ್ಗಾನ!"

ಒಂದು ಕುಡುಗೋಲಿನ ಒಂದೇ ಏಟು ಸಾಕಾಗಿತ್ತು. ಜಗಲಿಯಿಂದ ನಡುಮನೆಗೆ ಹೊಸ್ತಿಲೊಂದೇ ಅಡ್ಡ. ನಾನು ಅಮ್ಮನ ಕೈ ಕೊಸರಿಕೊಂಡು ಓಡಿದೆ. ನನ್ನ ಹಿಂದೆಯೇ ಅಮ್ಮನೂ ಓಡಿ ಬಂದಳು. ಒಳಗೆ ದೀಪದ ಬೆಳಕಿನಲ್ಲಿ ಕುಡುಗೋಲುಗಳು ಸಾಲಾಗಿ ಮಲಗಿದ್ದವು, ಎಣ್ಣೆಯಲ್ಲಿ ಮಿಂಚುತ್ತ, ಹಣೆಗೆ ಕುಂಕುಮ ಇಟ್ಟುಕೊಂಡು. ಬಾಗಿಲಿನಲ್ಲಿ ತಾತ ನಿಂತಿದ್ದರು. ಎರಡು ಕೈಯನ್ನೂ ಬಾಗಿಲುವಾಡಕ್ಕೆ ಚಾಚಿ ಅಡ್ಡಲಾಗಿ ನಿಂತಿದ್ದರು. ನಾನು ಅವರ ತೋಳಿನ ಕೆಳಗೆ ನುಗ್ಗಿದೆ. ನನ್ನ ರಟ್ಟೆ ಹಿಡಿದು ಎತ್ತಿ ಹೊರಗಿಟ್ಟರು.

"ಎತ್ತಬಾರ್ದು. ಯಾರೂ ಒಳೀಕೆ ಬರ್ಬ್ಯಾಡಿ," ಎಂದರು. ದನಿ ಏರಿಸಲೂ ಇಲ್ಲ. "ಗಾಬರಿ ಬೀಳ್ಬ್ಯಾಡಿ, ಕುದ್ರೆ ಈಗ ನಿಂತ್ಕತದೆ. ಕೈಯಾಗೇ ಬಿಚ್ಲಾ ದೊಡ್ಡೋನೇ, ಬಿಚ್ಕತದೆ."

ಅಮ್ಮ ಅವರ ಕಾಲಿಗೆ ಬಿದ್ದಳು. "ಮಾವಾ, ನಿಮ್ ದಮ್ಮಯ್ಯ, ಒಂದು ಕುಡ್ಲು ಕೊಡಿ," ಎಂದಳು. ತಾತ ಅಂಗಳವನ್ನೇ ನೋಡುತ್ತಿದ್ದರು. ಒಂದು ಜೀವಮಾನವೆಲ್ಲ ಕುದುರೆ ನೋಡಿದ ಕಣ್ಣು ಅದು. ಬೆದರಿದ ಕುದುರೆ ಜಗ್ಗಿ ಜಗ್ಗಿ ಸೋತು ನಿಲ್ಲುತ್ತದೆಂದು ಅವರು ನೂರು ಸಲ ಕಂಡಿದ್ದರು, ನಮಗೂ ಕಲಿಸಿದ್ದರು. ತಾತನ ಸ್ನೇಹಿತರು ಅಂಗಳದ ಮೂಲೆಯಲ್ಲಿ ಕೈಯಲ್ಲಿ ಎಲೆಅಡಿಕೆ ಹಿಡಿದು ನಿಂತೇ ಇದ್ದರು. ಭೂಪ ನಿಲ್ಲಲಿಲ್ಲ. ಜಗ್ಗುವುದನ್ನು ಬಿಟ್ಟು ಫಕ್ಕನೆ ಕಂಬದ ಈ ಕಡೆಗೆ ತಿರುಗಿ, ಬೆನ್ನು ಕೊಟ್ಟು, ಎರಡು ಕಾಲಿನಲ್ಲೂ ಒದೆಯಿತು. ಅಪ್ಪ ಪಕ್ಕಕ್ಕೆ ಉರುಳಿದ. ಚಿಕ್ಕಪ್ಪನಿಗೆ ಉರುಳಲು ಜಾಗವಿರಲಿಲ್ಲ. ಎರಡನೆಯ ಒದೆತದ ಶಬ್ದ ಒಣಗಿದ ಮರ ಸೀಳಿದ ಹಾಗೆ ಕೇಳಿಸಿತು. ಹಗ್ಗ ಹರಿದದ್ದು ಆಮೇಲೆ, ತಾನಾಗಿಯೇ.

ಅವನನ್ನು ಜಗಲಿಯ ಮೇಲೆ ಮಲಗಿಸಿದರು. ಮುಂಗೈಗೆ ಹಗ್ಗದ ತುಂಡು ಹಾಗೆಯೇ ಕಚ್ಚಿಕೊಂಡಿತ್ತು, ಕೈ ಊದಿ ಕಪ್ಪಾಗುತ್ತಿತ್ತು. ಯಾವ ಬೆರಳಿಗೂ ಗಂಟು ಸಿಕ್ಕಲಿಲ್ಲ. ಅಜ್ಜಿ ಒಳಗೆ ಹೋಗಿ ತೆಂಗಿನ ಚಿಪ್ಪಿನಲ್ಲಿ ಒಲೆಯ ಕೆಂಡ ತಂದಳು. ಮಗನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಊದಿ ಊದಿ, ಆ ಹಗ್ಗವನ್ನು ಕೆಂಡದಿಂದ ಸುಟ್ಟು ಬಿಡಿಸಿದಳು. ಮನೆಯ ತುಂಬ ಕತ್ತಿಗಳಿದ್ದ ದಿನ, ಹೆತ್ತವಳು ಮಗನ ಚರ್ಮವನ್ನೂ ಸೇರಿಸಿ ಸುಟ್ಟಳು. ಅವಳಿಗೂ ಒಳಗೆ ಹೋಗಿ ಒಂದನ್ನು ಎತ್ತಲು ಕೈ ಬರಲಿಲ್ಲ. ಇದನ್ನು ಬರೆಯುವಾಗ ನನಗೆ ಯಾರ ಮೇಲೆ ಎಂದು ಗೊತ್ತಾಗದ ಹಾಗೆ ಸಿಟ್ಟು ಬರುತ್ತದೆ.

ಬೆಳಿಗ್ಗೆ ತಾತ ಹೊಳೆಯಲ್ಲಿ ಮುಳುಗಿ ಬಂದು, ವಿಭೂತಿ ಧರಿಸಿ, ತೆಂಗಿನಕಾಯಿ ಒಡೆದು, ಆಯುಧ ಎತ್ತಿದರು. ಚಿಕ್ಕಪ್ಪನಿಗೆ ಆಗಿನ್ನೂ ಉಸಿರಿತ್ತು. ನಂಜನಗೂಡಿನಿಂದ ಡಾಕ್ಟರನ್ನು ಕರೆದುಕೊಂಡು ಅಪ್ಪ ಬರುವ ಹೊತ್ತಿಗೆ ಇರಲಿಲ್ಲ. ಊರಿನವರು ಬಂದರು, ಕುಳಿತರು. "ಹಬ್ಬದ ದಿನ ಓದ, ಪುಣ್ಯವಂತ ಕಣ್ರಪ್ಪ," ಎಂದರು. "ಅಣೇಲಿ ಬರ್ದಿದ್ದು, ಯಾರೇನ್ ಮಾಡಕ್ಕಾದದು," ಎಂದರು. ಆ ಕುದುರೆ ಕೊಲೆಗಾರ ಎಂದರು. ಬಾಗಿಲಿನಲ್ಲಿ ಅಡ್ಡ ನಿಂತವರ ಮಾತನ್ನು ಒಬ್ಬರೂ ಎತ್ತಲಿಲ್ಲ. ತಾತ ಮಾತ್ರ ಅಳಲಿಲ್ಲ, ಸಮಾಧಾನದ ಮಾತಿಗೆ ತಲೆಯನ್ನೂ ಆಡಿಸಲಿಲ್ಲ. ಅವರನ್ನು ನೋಡಿ ಜನ, ಎಂಥಾ ಗಟ್ಟಿ ಜೀವ ಎಂದು ಹೊಗಳಿಕೊಂಡು ಹೋದರು.

ಮುಂದಿನ ಮಹಾನವಮಿಗೆ ಈ ಮನೆಯಲ್ಲಿ ಏನು ನಡೆಯಬಹುದಿತ್ತು ಎಂದುಕೊಳ್ಳುತ್ತೀರಿ? ಅದೇ ನಡೆಯಿತು. ಅದೇ ಕೆಂಪು ಬಟ್ಟೆ, ಅದೇ ಸಾಲು, ಅದೇ ಚೆಂಡುಹೂವು. ಒಂದು ಮಾತ್ರ ಬೇರೆಯಾಯಿತು. ತಾತ ಸಾಲಿನಲ್ಲಿ ಒಂದು ಖಾಲಿ ಜಾಗ ನೋಡಿ, "ಇನ್ನೊಂದು ಕುಡ್ಲೆಲ್ಲಿ?" ಎಂದರು. ಅಜ್ಜಿ ಹಿತ್ತಲಿನಿಂದ ಹುರುಳಿಯ ತಟ್ಟೆ ಹೊತ್ತು ಬರುತ್ತಿದ್ದಳು. ಅವಳ ಸೊಂಟದಲ್ಲಿ, ಸೀರೆಯ ನೆರಿಗೆಯ ಮೇಲೆ, ಕುಡುಗೋಲು ಸಿಕ್ಕಿಸಿತ್ತು. ಅವಳು ಅವರ ಮುಂದೆ ಬಂದು ನಿಂತಳು. ನಲವತ್ತು ವರ್ಷ ಗಂಡನ ಮುಖ ನೋಡಿ ಮಾತಾಡದ ಹೆಂಗಸು. "ನಂತಾವದೆ," ಎಂದಳು. "ಬೇಕಾರೆ ಕಿತ್ಕಳ್ಳಿ." ತಾತ ಕೈ ಮುಂದೆ ಮಾಡಲಿಲ್ಲ. ಆ ದಿನವೆಲ್ಲ ಅಜ್ಜಿ ಅದನ್ನು ಸಿಕ್ಕಿಸಿಕೊಂಡೇ ಲಾಯಕ್ಕೆ ಹೋದಳು, ಹುರುಳಿ ಹಾಕಿದಳು, ಆರತಿ ಎತ್ತಿದಳು. ನನ್ನನ್ನು ನಂಜನಗೂಡಿನ ಸ್ಕೂಲಿಗೆ ಕಳಿಸಬೇಕೆಂದು ಅವಳು ಹೇಳಿದ್ದೂ ಆ ಹಬ್ಬದ ಮಾರನೆಯ ದಿನವೇ. ಅದಕ್ಕೂ ತಾತ ಎದುರು ಹೇಳಲಿಲ್ಲ.

ಆಮೇಲೆ ಆ ಮನೆಯಲ್ಲಿ ಒಬ್ಬರೂ ಮರಿಗಳನ್ನು ಮಾತಾಡಿಸಲಿಲ್ಲ. ಅಪ್ಪನಿಗೆ ಕುದುರೆ ಬೇಡವಾಗಿತ್ತು. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ನಂಜನಗೂಡಿನ ರಸ್ತೆಗೆ ಮೋಟಾರು ಬಂತು, ಜಟಕಾಗಳು ಕಡಿಮೆಯಾದವು, ಭೂಪ ಮುದಿಯಾಗಿ ಸತ್ತಿತು, ಹೆಣ್ಣುಕುದುರೆಗಳು ಒಂದೊಂದಾಗಿ ಹೋದವು. ಮೋಟಾರಿನಿಂದ ಹಾಳಾಯಿತು ಎಂದು ಅಪ್ಪ ಹೇಳಿಕೊಳ್ಳುತ್ತಿದ್ದ.

ಕಾಲೇಜಿನ ಕೊನೆಯ ವರ್ಷ, ದಸರಾ ರಜೆಗೆಂದು ಊರಿಗೆ ಹೋಗಿದ್ದೆ. ತಾತ ಹಾಸಿಗೆ ಹಿಡಿದಿದ್ದರು, ಕಣ್ಣು ಪೂರ್ತಿ ಹೋಗಿತ್ತು. ಜಗಲಿಯ ಮೇಲೆ ಕಂಬಳಿ ಹೊದ್ದು ಅಂಗಳದ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಒಳಗೆ ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತ ಸದ್ದಿಗೆ ತಾತ ಕೈ ಚಾಚಿದರು.

"ನೀನು ಓದ್ದೋಳು. ಒಂದ್ ಮಾತ್ ಕೇಳ್ತೀನಿ, ಸುಳ್ಳೇಳ್ಬ್ಯಾಡ," ಎಂದರು. ತಡಕಿ ನನ್ನ ತೋಳು ಹಿಡಿದುಕೊಂಡರು. "ಅವತ್ತು ನಾನು ಬಾಕ್ಲು ಬಿಟ್ಟಿದ್ರೆ, ಗುರುಸಿದ್ದ ಉಳೀತಿದ್ನಾ?"

ಒಳಗೆ ಮೊರದ ಸದ್ದು ನಿಂತಿತು. ಊರೆಲ್ಲ ಸೇರಿ ಅವರಿಗೆ ಇಷ್ಟು ವರ್ಷ ಕೊಟ್ಟಿದ್ದ ಉತ್ತರ ನನ್ನ ನಾಲಿಗೆಯ ಮೇಲೂ ಬಂತು. ಸಾಯುವ ಮುದುಕ, ಕುರುಡ, ನನ್ನನ್ನು ಹೆಗಲ ಮೇಲೆ ಹೊತ್ತು ಹೊಳೆ ತೋರಿಸಿದವರು. ಅವರ ಬೆರಳುಗಳು ಹಿಡಿದಿದ್ದದ್ದು ನನ್ನ ಅದೇ ರಟ್ಟೆಯನ್ನು.

"ಉಳೀತಿದ್ದ, ತಾತ," ಎಂದೆ.

ಅವರು ಹೂಂ ಎಂದರು. ಬೆರಳು ಸಡಿಲಾಯಿತು, ಆದರೆ ಕೈ ತೆಗೆಯಲಿಲ್ಲ. ಒಳಗೆ ಮೊರ ಮತ್ತೆ ಶುರುವಾಯಿತು. ಬಿಸಿಲು ಅಂಗಳದ ಕಲ್ಲುಗಳ ಸಂದಿನ ಹುಲ್ಲಿನ ಮೇಲಿಂದ ಸರಿಯುತ್ತ ಹೋಯಿತು. ನಿದ್ದೆ ಬಂದಿರಬೇಕೆಂದು ನಾನು ಏಳಲು ನೋಡಿದಾಗ ಅವರ ತುಟಿ ಅಲುಗಿತು.

"ಕುದ್ರೆಗೆ ನೀರು ತೋರ್ಸಿದ್ರಾ?"

ಲಾಯದ ಹುಲ್ಲುಮಾಡು ಕುಸಿದು, ಗೋದಲಿಯ ಒಳಗೆ ತುಂಬೆಗಿಡ ಬೆಳೆದಿತ್ತು.

"ತೋರ್ಸಿದ್ವಿ, ತಾತ."

"ಎಲ್ಲವೂ ಕುಡುದ್ವಾ?"

"ಎಲ್ಲವೂ ಕುಡುದ್ವು," ಎಂದೆ.